ಪತ್ತನಾಜೆಗೆ ಮುಂಚೆ ಬಂದೀತೇ ಸ್ಯಾಕ್ಸೋಫೋನು?

ಮಂಗಳೂರು: ಈ ಎರಡು ಜಿಲ್ಲೆಗಳಲ್ಲಿ ಸ್ಯಾಕ್ಸೋಫೋನಿನ ಸದ್ದಿಲ್ಲದೆ ಒಂದು ಶುಭಕಾರ್ಯ ಮುಗಿಯುವುದು ಕಷ್ಟ. ಮದುವೆ ಛತ್ರದಲ್ಲಿ ಅದು ಬೇಕು, ದೇವಸ್ಥಾನದ ಉತ್ಸವ ಬಲಿಗೆ ಬೇಕು, ಬ್ರಹ್ಮಕಲಶದ ಮೆರವಣಿಗೆಗೆ ಬೇಕು, ಭೂತದ ನೇಮಕ್ಕೂ ಬೇಕು. ಕೆಲವೆಡೆ ನಾಗಸ್ವರದ ಪಕ್ಕದಲ್ಲಿ ಕೂತಿದೆ, ಕೆಲವೆಡೆ ನಾಗಸ್ವರವನ್ನೇ ಬದಿಗೆ ಸರಿಸಿದೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಹಿತ್ತಾಳೆ ವಾದ್ಯ ತುಳುನಾಡಿನ ಗದ್ದೆಯಂಚಿನ ಗುಡಿಗಳಲ್ಲಿ ಮೊಳಗುತ್ತಿರುವುದು ಸಣ್ಣ ಸಂಗತಿಯೇನಲ್ಲ.

ಇದರ ಪುಣ್ಯ ಬಹುಪಾಲು ಕದ್ರಿ ಗೋಪಾಲನಾಥರದು. ಬಂಟ್ವಾಳ ತಾಲೂಕಿನಲ್ಲಿ 1949ರಲ್ಲಿ ಹುಟ್ಟಿದ, ನಾಗಸ್ವರದವರ ಮನೆಯ ಆ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕಂಡು ಮನಸೋತರು. ಕರ್ನಾಟಕ ಸಂಗೀತದ ಗಮಕ ಹೊರಡುವಂತೆ ಅದನ್ನು ತಿದ್ದಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು, 2019ರಲ್ಲಿ ತೀರಿಕೊಂಡರು. ಅವರು ಹಾಕಿಕೊಟ್ಟ ದಾರಿಯಲ್ಲಿ ಇವತ್ತು ಕರಾವಳಿಯಲ್ಲಿ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ.

ಆದರೆ ಒಲೆ ಉರಿಸುವ ಆ ವಾದ್ಯ ಊರಲ್ಲಿ ಹುಟ್ಟುವುದಿಲ್ಲ. ಅದನ್ನು ಕಡಲಾಚೆಯಿಂದ ತರಿಸಬೇಕು. ತರಿಸುವ ದಾರಿಯಲ್ಲಿ ಗುಂಡಿ ಎಷ್ಟು, ದಿಣ್ಣೆ ಎಷ್ಟು ಎಂದು ತಿಳಿಯದೆ ಹೊರಟವನ ದುಡ್ಡೂ ಹೋಗುತ್ತದೆ, ಸೀಸನ್ನೂ ಹೋಗುತ್ತದೆ.

ಊರಲ್ಲಿ ಯಾಕೆ ಸಿಗುವುದಿಲ್ಲ?

ಸಿಗುವುದೇ ಇಲ್ಲ ಎಂದಲ್ಲ. ಉತ್ತರದ ಮೀರತ್ ಪಟ್ಟಣ ಬ್ಯಾಂಡ್ ವಾದ್ಯಗಳಿಗೆ ಹೆಸರಾದ ಊರು. ಅಲ್ಲಿಂದ ಬರುವ ವಾದ್ಯದಲ್ಲಿ ಕಲಿಯಲು ಶುರುಮಾಡಿದವರು ಬೇಕಾದಷ್ಟಿದ್ದಾರೆ. ದೊಡ್ಡ ಊರುಗಳ ಸಂಗೀತದ ಅಂಗಡಿಗಳಲ್ಲಿ ಯಮಹಾದಂಥ ಕಂಪನಿಗಳ ವಿದ್ಯಾರ್ಥಿ ಮಟ್ಟದ ಮಾದರಿಗಳೂ ಉಂಟು. ಕಷ್ಟ ಬರುವುದು ಅದಕ್ಕಿಂತ ಮೇಲಿನ ಮೆಟ್ಟಿಲಿಗೆ ಹೋದಾಗ. ಪ್ಯಾರಿಸ್ಸಿನ ಸೆಲ್ಮರ್, ಟೋಕಿಯೋದ ಯನಗಿಸಾವಾ, ಯಮಹಾದ್ದೇ ಮೇಲ್ದರ್ಜೆಯ ಮಾದರಿ, ಇವೆಲ್ಲ ಬೇಕೆಂದಾಗ ಕೈಗೆ ಸಿಗುವ ಸಾಮಾನಲ್ಲ. ಇನ್ನು 1954ರಲ್ಲಿ ಬಂದು 1970ರ ದಶಕದವರೆಗೆ ತಯಾರಾದ ಸೆಲ್ಮರ್ ಮಾರ್ಕ್ 6 ಬೇಕು ಎಂದರೆ ಅದು ಹಳೆ ಸಾಮಾನಿನ ಪೇಟೆಯಲ್ಲೇ ಸಿಗಬೇಕು.

ವಾದ್ಯ ಬಿಡಿ, ಬಿಡಿಭಾಗದ ಗೋಳೇ ಬೇರೆ. ಬಾಯಲ್ಲಿಡುವ ರೀಡು ಒಂದು ಜಾತಿಯ ಲಾಳದ ಕಡ್ಡಿಯಿಂದ ಆಗುವಂಥದ್ದು. ದಕ್ಷಿಣ ಫ್ರಾನ್ಸಿನ ವಾರ್ ಪ್ರದೇಶದಲ್ಲಿ ಬೆಳೆಯುವ ಕಡ್ಡಿಗೆ ಲೋಕದಲ್ಲೆಲ್ಲ ಹೆಸರು. ರೀಡು ದಿನಾ ನುಡಿಸಿದಷ್ಟೂ ಸವೆಯುತ್ತದೆ. ತೂತು ಮುಚ್ಚುವ ಪ್ಯಾಡುಗಳಿಗೆ ಚರ್ಮದ ಹೊದಿಕೆ. ನಮ್ಮ ಆಟಿಯ ಮಳೆಗಾಲದ ತೇವಕ್ಕೆ ಚರ್ಮ ಉಬ್ಬುತ್ತದೆ, ಗಟ್ಟಿಯಾಗುತ್ತದೆ, ಗಾಳಿ ಸೋರುತ್ತದೆ. ನೇಮದ ಹೊತ್ತಿಗೆ ಮೇಲಿನ ಷಡ್ಜ ಹಿಡಿಯದೆ ಹೋದರೆ ಕೂಲಿ ಕೊಡುವವರು ಸುಮ್ಮನಿರುತ್ತಾರೆಯೇ?

ಫಾರ್ವರ್ಡರ್ ಅಂದರೆ ಯಾರು?

ಜಪಾನಿನ ಶಾಲೆಗಳಲ್ಲಿ ಬ್ಯಾಂಡ್ ನುಡಿಸುವುದು ದೊಡ್ಡ ಹವ್ಯಾಸ. ಹುಡುಗರು ಕಲಿತು ಶಾಲೆ ಬಿಟ್ಟ ಮೇಲೆ ವಾದ್ಯಗಳು ಮಾರಾಟಕ್ಕೆ ಬರುತ್ತವೆ. ಹೀಗಾಗಿ ಅಲ್ಲಿ ಹಳೆ ಊದುವಾದ್ಯಗಳ ಪೇಟೆ ಬಲು ದೊಡ್ಡದು, ಸಾಮಾನು ಕೂಡ ನಾಜೂಕಾಗಿ ಇಟ್ಟುಕೊಂಡದ್ದು. ಆದರೆ ಅಲ್ಲಿಯ ಮಾರಾಟಗಾರರಲ್ಲಿ ಹಲವರು ತಮ್ಮ ದೇಶದೊಳಗೆ ಮಾತ್ರ ಕಳಿಸುತ್ತಾರೆ. ಅಮೆರಿಕದಲ್ಲೂ ಹಾಗೆ ಹೇಳುವವರುಂಟು.

ಇಲ್ಲಿ ನಡುವೆ ಬರುವವನೇ ಫಾರ್ವರ್ಡರ್. ಆ ದೇಶದಲ್ಲಿ ಅವನದೊಂದು ಗೋದಾಮು. ಗಿರಾಕಿಗೆ ಆ ಗೋದಾಮಿನ ವಿಳಾಸ ಮತ್ತು ಒಂದು ನಂಬರು ಕೊಡುತ್ತಾನೆ. ಮಾರಾಟಗಾರನ ಲೆಕ್ಕದಲ್ಲಿ ಸಾಮಾನು ದೇಶದೊಳಗೇ ಹೋಯಿತು. ಅಲ್ಲಿಂದ ಮುಂದಿನ ಹೊಣೆ ಫಾರ್ವರ್ಡರನದು: ತೆಗೆದು ನೋಡುವುದು, ಫೋಟೋ ಕಳಿಸುವುದು, ನಾಲ್ಕು ಪೊಟ್ಟಣವನ್ನು ಒಂದೇ ಪೆಟ್ಟಿಗೆಗೆ ಸೇರಿಸುವುದು, ವಿಮಾನಕ್ಕೋ ಹಡಗಿಗೋ ಏರಿಸುವುದು. ಅಮೆರಿಕದಲ್ಲಿ ಹಲವರ ಗೋದಾಮು ಒರೆಗಾನ್, ಡೆಲವೇರ್‌ನಂಥ ರಾಜ್ಯಗಳಲ್ಲಿರುವುದಕ್ಕೂ ಕಾರಣವಿದೆ. ಆ ರಾಜ್ಯಗಳಲ್ಲಿ ಮಾರಾಟ ತೆರಿಗೆ ಇಲ್ಲ.

ಒಂದು ಮಾತು ಮರೆಯಬಾರದು. ಫಾರ್ವರ್ಡರ್ ಸಾಗಿಸುವವನು, ಮಾರುವವನಲ್ಲ. ವಾದ್ಯದ ಕುತ್ತಿಗೆ ಬಾಗಿದ್ದರೆ, ಕೀಲಿ ಮುರಿದಿದ್ದರೆ, ನಕಲಿಯಾಗಿದ್ದರೆ ಅವನನ್ನು ಕೇಳಿ ಪ್ರಯೋಜನವಿಲ್ಲ. ಮಾರಿದವನು ‘ನಾನು ಗೋದಾಮಿಗೆ ಮುಟ್ಟಿಸಿದ್ದೇನೆ’ ಎಂದು ಕೈತೊಳೆದುಕೊಳ್ಳುತ್ತಾನೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ! ಆದ್ದರಿಂದ ಗೋದಾಮಿನಿಂದ ಹೊರಡುವ ಮೊದಲೇ ಸೀರಿಯಲ್ ನಂಬರು, ಕುತ್ತಿಗೆ, ಕೀಲಿಗಳ ಸಾಲು, ಗಂಟೆಬಾಯಿ ಎಲ್ಲದರ ಫೋಟೋ ತರಿಸಿಕೊಳ್ಳುವುದು ಜಾಣತನ. ಅದಕ್ಕೆ ಬೇರೆ ಫೀಸು ಕೇಳಿದರೂ ಕೊಡುವುದೇ ಲೇಸು. ಸಾಮಾನು ಆ ದೇಶ ಬಿಟ್ಟ ಮೇಲೆ ವಾಪಸು ಕಳಿಸುವ ಖರ್ಚಿನಲ್ಲಿ ಇನ್ನೊಂದು ಹಳೆ ವಾದ್ಯವೇ ಬಂದೀತು.

ತೂಕ ಒಂದು, ಬಿಲ್ಲು ಇನ್ನೊಂದು

ಮೊದಲ ಸಲ ತರಿಸುವವರು ಬೆಚ್ಚಿಬೀಳುವುದು ಬಾಡಿಗೆಯ ಬಿಲ್ಲು ನೋಡಿ. ಮನೆಯ ತಕ್ಕಡಿಯಲ್ಲಿ ಆಲ್ಟೋ ಸ್ಯಾಕ್ಸೋಫೋನು, ಅದರ ಪೆಟ್ಟಿಗೆ, ಹೊರ ರಟ್ಟು ಎಲ್ಲ ಸೇರಿ 6 ಕಿಲೋ ಎನ್ನೋಣ. ಬಿಲ್ಲು ಬರುವುದು 18 ಕಿಲೋಗೆ! ಇದು ಮೋಸವಲ್ಲ, ವಿಮಾನದ ಲೆಕ್ಕ. ವಿಮಾನದಲ್ಲಿ ಜಾಗಕ್ಕೂ ಬೆಲೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಕೊರಿಯರಿನವರು ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 75, 40, 30 ಸೆಂಟಿಮೀಟರಿನ ಪೆಟ್ಟಿಗೆ ಎಂದರೆ 90,000. 5000ದಿಂದ ಭಾಗಿಸಿದರೆ 18. ನಿಜ ತೂಕ, ಈ ಜಾಗದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಕೊರಿಯರ್ ಬಿಟ್ಟು ಮಾಮೂಲಿ ವಿಮಾನ ಸರಕಿನಲ್ಲಿ ಹಾಕಿದರೆ ಭಾಜಕ 6000. ಅದೇ ಪೆಟ್ಟಿಗೆ 15 ಕಿಲೋಗೆ ಇಳಿಯುತ್ತದೆ. ಆದರೆ ಅಲ್ಲಿ ಕಸ್ಟಮ್ಸ್ ಬಿಡಿಸಿಕೊಳ್ಳುವ ಓಡಾಟ ಗಿರಾಕಿಯ ತಲೆಗೆ.

ಹಾಗೆಂದು ಪೆಟ್ಟಿಗೆ ಸಣ್ಣದು ಮಾಡಿ ಎಂದು ಒತ್ತಾಯಿಸಿದರೆ ವಾದ್ಯ ಸುಖವಾಗಿ ಬರುವುದಿಲ್ಲ. ಸ್ಯಾಕ್ಸೋಫೋನಿನ ಹಿತ್ತಾಳೆ ತೆಳು. ಕೀಲಿಗಳ ಸರಳು ಕೂದಲೆಳೆಯಷ್ಟು ಬಾಗಿದರೂ ಪ್ಯಾಡು ಕೂರುವುದಿಲ್ಲ. ಕುತ್ತಿಗೆ, ಮೌತ್‌ಪೀಸು ಬೇರೆ ಬೇರೆ ಸುತ್ತಿರಬೇಕು. ಗಂಟೆಬಾಯಿಯೊಳಗೆ ಬಿಡಿಯಾಗಿ ಏನನ್ನೂ ತುರುಕಬಾರದು. ಕೀಲಿಗಳು ಅಲುಗಾಡದಂತೆ ಕಾರ್ಕಿನ ತುಂಡು ಸಿಗಿಸಬೇಕು. ವಾದ್ಯದ ಪೆಟ್ಟಿಗೆಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸುತ್ತ ಮೆತ್ತೆ ತುಂಬಬೇಕು. ಇಷ್ಟನ್ನು ಬರೆದುಕೊಟ್ಟೇ ಹೇಳಿಸಬೇಕು.

ವಿಮೆಯ ವಿಷಯವೂ ಹೀಗೇ. ಅಂತಾರಾಷ್ಟ್ರೀಯ ವಿಮಾನ ಸರಕು ಕಳೆದರೆ ಅಥವಾ ಒಡೆದರೆ, 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಸಾಗಿಸಿದವರ ಹೊಣೆಗೆ ಒಂದು ಮಿತಿ ಇದೆ. ಆ ಮಿತಿ ಕಿಲೋ ಲೆಕ್ಕದಲ್ಲಿ, ಸಾಮಾನಿನ ಬೆಲೆಯ ಲೆಕ್ಕದಲ್ಲಲ್ಲ. ಕಬ್ಬಿಣದ ಮೊಳೆಗೂ ಒಂದೇ, ಸೆಲ್ಮರಿಗೂ ಒಂದೇ. ಲಕ್ಷ ರೂಪಾಯಿಯ ವಾದ್ಯಕ್ಕೆ ವಿಮೆ ಮಾಡಿಸದೆ ಕಳಿಸುವುದು ದೇವರ ಮೇಲೆ ಭಾರ ಹಾಕಿದಂತೆ.

ಸುಂಕದವನ ಮುಂದೆ

ಹೊರದೇಶದ ಅಂಚೆಯಾಗಲಿ ಕೊರಿಯರಾಗಲಿ ಕಸ್ಟಮ್ಸ್ ತಪಾಸಣೆಗೆ ಒಳಗಾಗುವುದು ಸಾಮಾನ್ಯವಾಗಿ ಬೆಂಗಳೂರು, ಮುಂಬೈ, ಚೆನ್ನೈ, ದೆಹಲಿಯಂಥ ಊರುಗಳಲ್ಲಿ. ಅಲ್ಲಿಂದ ಆಧಾರ್, ಪ್ಯಾನ್ ಮುಂತಾದ ಗುರುತಿನ ದಾಖಲೆ ಕೇಳುತ್ತಾರೆ. ಬೆಲೆಗೆ ಆಧಾರ ಕೇಳುತ್ತಾರೆ. ಬಿಲ್ಲು, ಹಣ ಕಳಿಸಿದ ರಸೀದಿ ಮೊದಲೇ ಕೈಯಲ್ಲಿದ್ದರೆ ಕೆಲಸ ಸಲೀಸು.

ಸುಂಕ ಬೀಳುವುದು ಬರೀ ಸಾಮಾನಿನ ಬೆಲೆಯ ಮೇಲಲ್ಲ. ಬೆಲೆ, ಬಾಡಿಗೆ, ವಿಮೆ ಮೂರೂ ಕೂಡಿದ ಮೊತ್ತದ ಮೇಲೆ. ಒಂದು ಸಮಾಧಾನದ ಸಂಗತಿ ಎಂದರೆ, 2007ರ ಮೌಲ್ಯ ನಿರ್ಧಾರ ನಿಯಮಗಳ ಪ್ರಕಾರ ವಿಮಾನದಲ್ಲಿ ಬಂದ ಸಾಮಾನಿಗೆ ಎಷ್ಟೇ ಬಾಡಿಗೆ ಕೊಟ್ಟಿರಲಿ, ಈ ಲೆಕ್ಕಕ್ಕೆ ಹಿಡಿಯುವುದು ಬೆಲೆಯ ನೂರಕ್ಕೆ 20ರ ಒಳಗೆ ಮಾತ್ರ.

ಲೆಕ್ಕದ ಮಾದರಿಗೆ ನೋಡಿ. ವಾದ್ಯಕ್ಕೆ 1,00,000 ರೂಪಾಯಿ, ಬಾಡಿಗೆ 13,000, ವಿಮೆ 1,000. ಒಟ್ಟು 1,14,000. ಮೂಲ ಸುಂಕ ನೂರಕ್ಕೆ 10 ಎಂದು ಹಿಡಿದರೆ 11,400. ಆ ಸುಂಕದ ಮೇಲೆ ನೂರಕ್ಕೆ 10ರಂತೆ, 2018ರಲ್ಲಿ ಬಂದ ಸಮಾಜ ಕಲ್ಯಾಣ ಮೇಲ್ತೆರಿಗೆ 1,140. ಈಗ ಮೊತ್ತ 1,26,540. ಇದರ ಮೇಲೆ ಐಜಿಎಸ್‌ಟಿ ನೂರಕ್ಕೆ 18 ಎಂದು ಹಿಡಿದರೆ 22,777. ಅಂತೂ ಸರಕಾರಕ್ಕೆ 35,317 ರೂಪಾಯಿ. ನೂರಕ್ಕೆ ಸುಮಾರು 31. ವಾದ್ಯ ಮನೆ ಸೇರುವಾಗ 1,49,317. ಏಜೆಂಟರ ಫೀಸು, ಗೋದಾಮು ಬಾಡಿಗೆ ಬೇರೆ.

ಇನ್ನೊಂದು ತಮಾಷೆ ಉಂಟು. ‘ಸ್ವಂತ ಉಪಯೋಗಕ್ಕೆ’ ಎಂದರೆ ಸುಂಕ ಕಮ್ಮಿ ಎಂದು ಬಹಳ ಮಂದಿ ನಂಬಿದ್ದಾರೆ. ಹಿಂದೆ ವಿಷಯ ಉಲ್ಟಾ ಇತ್ತು. ಅಂಚೆ, ಕೊರಿಯರಿನಲ್ಲಿ ಸ್ವಂತಕ್ಕೆ ತರಿಸುವ ಸಾಮಾನಿಗೆ ಸುಂಕದ ಪಟ್ಟಿಯಲ್ಲಿ ಬೇರೆಯೇ ಒಂದು ಕಲಮು ಇದೆ. 2021ರ ಸುಮಾರಿಗೆ ಆ ಕಲಮಿನಲ್ಲಿ ಎಲ್ಲ ಸೇರಿ ನೂರಕ್ಕೆ 77ರ ಮೇಲೆ ಬೀಳುತ್ತಿತ್ತು. ಅದೇ 1,14,000ಕ್ಕೆ 88 ಸಾವಿರ! ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು. ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವಂಥದ್ದು, ತರಿಸುವ ದಿನದ ದರವನ್ನೇ ನೋಡಬೇಕು. ವಾದನವೇ ವೃತ್ತಿಯಾದವರು, ಸಂಗೀತದ ಅಂಗಡಿಯವರು ಐಇಸಿ ಎಂಬ ಆಮದು ಸಂಖ್ಯೆ ಪಡೆದು, ಕಸ್ಟಮ್ಸ್ ಬ್ರೋಕರ್ ಮೂಲಕ ವಾದ್ಯವನ್ನು ವಾದ್ಯದ ಕಲಮಿನಲ್ಲೇ ಬಿಡಿಸಿಕೊಳ್ಳುವ ದಾರಿ ಇದೆ. ಇದು ಕಳ್ಳದಾರಿಯಲ್ಲ, ಸರಕಾರವೇ ಹಾಕಿದ ರಾಜಮಾರ್ಗ. ತಿಳಿದವರು ಕಮ್ಮಿ, ಅಷ್ಟೆ.

ಕಳ್ಳದಾರಿ ಯಾವುದೆಂದರೆ, ಲಕ್ಷದ ಸಾಮಾನಿಗೆ ‘ಗಿಫ್ಟು, ಬೆಲೆ ನೂರು ಡಾಲರ್’ ಎಂದು ಬರೆಸುವುದು. ಉಡುಗೊರೆಯ ಹೆಸರಿನಲ್ಲಿ ಸುಂಕವಿಲ್ಲದೆ ಸಣ್ಣ ಪೊಟ್ಟಣ ತರಿಸುತ್ತಿದ್ದ ರಿಯಾಯಿತಿ 2019ರ ಡಿಸೆಂಬರಿನಲ್ಲೇ ನಿಂತುಹೋಯಿತು. ರಾಖಿ ಮತ್ತು ಜೀವರಕ್ಷಕ ಔಷಧಿಗೆ ಮಾತ್ರ ವಿನಾಯಿತಿ ಉಳಿಯಿತು. ಸುಳ್ಳು ಬೆಲೆ ಬರೆಸಿದವನಿಗೆ ಎರಡು ಪೆಟ್ಟು. ಸಿಕ್ಕಿಬಿದ್ದರೆ 1962ರ ಕಸ್ಟಮ್ಸ್ ಕಾಯಿದೆಯಡಿ ಮುಟ್ಟುಗೋಲು, ದಂಡ. ಸಿಕ್ಕಿಬೀಳದೆ ವಾದ್ಯ ದಾರಿಯಲ್ಲಿ ಒಡೆದರೆ ವಿಮೆಯವನು ಕೊಡುವುದು ಬರೆಸಿದ ನೂರು ಡಾಲರಿನ ಲೆಕ್ಕಕ್ಕೇ.

ಹಳೆ ಸಾಮಾನಿನ ಗಂಟು

ಎಲ್ಲಕ್ಕಿಂತ ದೊಡ್ಡ ಗಂಟು ಇಲ್ಲಿದೆ. ಜಪಾನಿನ ಪೇಟೆಯ ಆಕರ್ಷಣೆ ಇರುವುದೇ ಹಳೆ ವಾದ್ಯದಲ್ಲಿ. ನಮ್ಮ ವಿದೇಶ ವ್ಯಾಪಾರ ನೀತಿಯಾದರೋ, ಬಂಡವಾಳ ಯಂತ್ರೋಪಕರಣಗಳಲ್ಲದ ಹಳೆ ಸಾಮಾನಿನ ಆಮದನ್ನು ‘ನಿರ್ಬಂಧಿತ’ ಎಂಬ ಪಟ್ಟಿಗೆ ಹಾಕಿದೆ. ಅಂದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅನುಮತಿ ಪತ್ರ ಬೇಕು. ಫಾರ್ವರ್ಡರ್ ಇದನ್ನು ಹೇಳಬೇಕೆಂದಿಲ್ಲ. ಅವನ ಕೆಲಸ ಸಾಗಿಸುವುದು, ಭಾರತದ ಕಾನೂನು ಅವನ ತಲೆನೋವಲ್ಲ.

ಅನುಮತಿಯಿಲ್ಲದೆ ಬಂದ ಹಳೆ ವಾದ್ಯ ಕೆಲವೊಮ್ಮೆ ಯಾರ ಕಣ್ಣಿಗೂ ಬೀಳದೆ ದಾಟಿಬಿಡಬಹುದು. ‘ಅವರದ್ದು ಬಂದಿದೆಯಲ್ಲ, ನಮ್ಮದ್ಯಾಕೆ ಬರುದಿಲ್ಲ?’ ಎಂಬ ವಾದ ಕಸ್ಟಮ್ಸಿನ ಮೇಜಿನ ಮುಂದೆ ನಡೆಯುವುದಿಲ್ಲ. ತಡೆದರೆ ಮುಟ್ಟುಗೋಲು, ಬಿಡಿಸಿಕೊಳ್ಳಲು ದಂಡ, ಮೇಲೆ ಸುಂಕ. ಬಂದ ಸರಕನ್ನು 30 ದಿನದೊಳಗೆ ಬಿಡಿಸಿಕೊಳ್ಳದಿದ್ದರೆ ನೋಟಿಸು ಕೊಟ್ಟು ಮಾರುವುದಕ್ಕೂ ಕಾಯಿದೆಯಲ್ಲಿ ಅವಕಾಶವಿದೆ. ಅಲ್ಲಿಯ ತನಕ ಗೋದಾಮಿನ ಬಾಡಿಗೆ ದಿನದಿನಕ್ಕೂ ಏರುತ್ತದೆ.

ಹಾಗಾದರೆ ಹಳೆಯದು ಬೇಕಾದವರು ಏನು ಮಾಡಬೇಕು? ಮೊದಲು ಕಸ್ಟಮ್ಸ್ ಬ್ರೋಕರನ್ನು ಕೇಳಬೇಕು, ಆಮೇಲೆ ದುಡ್ಡು ಕಳಿಸಬೇಕು. ನಡೆಯುವುದು ಬಹುತೇಕ ಇದರ ತಿರುಗಾಮುರುಗಾ. ಇಲ್ಲವಾದರೆ, ಈಗಾಗಲೇ ದೇಶದೊಳಗೆ ಇರುವ ಹಳೆ ವಾದ್ಯವನ್ನು ಹುಡುಕಬೇಕು. ಚೆನ್ನೈ, ಮುಂಬೈ, ಗೋವಾ ಕಡೆಯ ವಾದಕರಲ್ಲಿ ಕೈ ಬದಲಾಯಿಸುವ ವಾದ್ಯಗಳುಂಟು.

ಗಲ್ಫಿನ ಅಳಿಯನ ದಾರಿ

ಮಂಗಳೂರಿನವರಿಗೆ ಇನ್ನೊಂದು ದಾರಿ ಹಿಂದಿನಿಂದಲೂ ಗೊತ್ತು. ಲೈಸೆನ್ಸ್ ಇಲ್ಲದೆ ಹೊರಗಿನ ಸಾಮಾನು ಬಾರದಿದ್ದ ಕಾಲದಲ್ಲಿ ಟೇಪ್‌ರೆಕಾರ್ಡರಿನಿಂದ ಹಿಡಿದು ಕೀಬೋರ್ಡಿನವರೆಗೆ ಬಂದದ್ದು ಗಲ್ಫಿನ ನೆಂಟರ ಪೆಟ್ಟಿಗೆಯಲ್ಲೇ. 1991ರ ನಂತರ ಬಾಗಿಲು ಸರಿಯಿತು, ಗ್ರಾಹಕ ಸಾಮಾನುಗಳ ಮೇಲಿನ ಕೊನೆಯ ಪ್ರಮಾಣ ನಿರ್ಬಂಧಗಳು 2001ರ ಏಪ್ರಿಲ್ 1ರಂದು ಹೋದವು. ಆದರೂ ಬಜಪೆಯ ವಿಮಾನ ನಿಲ್ದಾಣದಲ್ಲಿ ದುಬೈ ವಿಮಾನ ಇಳಿಯುವಾಗ ಈ ಮಾತು ಇವತ್ತಿಗೂ ನಡೆಯುವಂಥದ್ದೇ:

‘ಮಾವ, ನಾನು ಬರುವಾಗ ತರ್ತೇನೆ ಬಿಡಿ. ಎಂಥ ಸುಂಕವೂ ಇಲ್ಲ.’

‘ಹಾಗೆ ಹೇಳ್ಬೇಡ ಮಾರಾಯ. ಮೂಡಬಿದ್ರೆಯವರದ್ದು ಹಿಡಿದಿದ್ರಂತೆ.’

‘ಅವರು ಹೇಳದೆ ದಾಟಿದ್ದು ಮಾವ. ನಾವು ಮೂರು ಜನ ಬರುದಲ್ವಾ, ಮೂರು ಜನದ್ದೂ ಸೇರಿಸಿದ್ರೆ ಆಯ್ತು.’

ಅಳಿಯನ ಪ್ರೀತಿ ದೊಡ್ಡದು, ಲೆಕ್ಕ ಮಾತ್ರ ತಪ್ಪು. ಪ್ರಯಾಣಿಕನ ಸಾಮಾನಿಗೆ ಸುಂಕವಿಲ್ಲದ ಮಿತಿ ಒಂದಿದೆ. 2016ರ ಬ್ಯಾಗೇಜ್ ನಿಯಮಗಳು ಬಂದಾಗ ಗಲ್ಫಿನಿಂದ ಬರುವವರಿಗೆ ಅದು 50 ಸಾವಿರ ರೂಪಾಯಿ ಇತ್ತು. ಈಗ ಎಷ್ಟೆಂದು ಹೊರಡುವ ಮುನ್ನ ಕೇಳಿಕೊಳ್ಳಬೇಕು. ಆದರೆ ಅಳಿಯ, ಅವನ ಹೆಂಡತಿ, ಮಗು ಮೂವರ ಮಿತಿಯನ್ನು ಕೂಡಿಸಿ ಒಂದೇ ವಾದ್ಯಕ್ಕೆ ಹಚ್ಚಲು ನಿಯಮ ಬಿಡುವುದಿಲ್ಲ. ಮಿತಿ ದಾಟಿದ ಸಾಮಾನಿದ್ದರೆ ಕೆಂಪು ದಾರಿಯಲ್ಲಿ ಹೋಗಿ ಬಿಲ್ಲು ತೋರಿಸಿ, ಸುಂಕ ಕಟ್ಟಿ, ರಸೀದಿ ಹಿಡಿದುಕೊಂಡು ತಲೆಯೆತ್ತಿ ಹೊರಬರಬಹುದು. ಹಸಿರು ದಾರಿಯಲ್ಲಿ ನುಸುಳಿ ಸಿಕ್ಕಿಬಿದ್ದರೆ ವಾದ್ಯಕ್ಕಿಂತ ಮಾನ ದುಬಾರಿ.

ಕೀಬೋರ್ಡಿನವರಿಗೆ ಬೇರೆ ಪಾಠ

ರಸಮಂಜರಿ ತಂಡಗಳ ಕೀಬೋರ್ಡ್, ಎಕೋ ಮೆಷಿನ್, ಆಂಪ್ಲಿಫಯರ್ ತರಿಸುವವರಿಗೆ ಮೇಲಿನದೆಲ್ಲ ಅನ್ವಯ, ಮೇಲೆ ಕರೆಂಟಿನ ಪಾಠವೂ ಉಂಟು. ಜಪಾನಿನ ಮನೆಗಳಲ್ಲಿ ಕರೆಂಟು 100 ವೋಲ್ಟ್, ಅಮೆರಿಕದಲ್ಲಿ 120, ನಮ್ಮಲ್ಲಿ 230. ಜಪಾನಿನ ಪೇಟೆಗಾಗಿಯೇ ಮಾಡಿದ ಹಳೆ ಮೆಷಿನನ್ನು ನೇರ ನಮ್ಮ ಪ್ಲಗ್ಗಿಗೆ ಸಿಕ್ಕಿಸಿದರೆ ಒಂದು ಚಿಟಿಕೆ ಹೊಗೆ, ಅಲ್ಲಿಗೆ ಕತೆ ಮುಗಿಯಿತು. ಇಳಿಸುವ ಟ್ರಾನ್ಸ್‌ಫಾರ್ಮರಿನ ಬೆಲೆಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ವೈರ್‌ಲೆಸ್ ಮೈಕಿನಂಥದ್ದಕ್ಕೆ ರೇಡಿಯೋ ತರಂಗದ ಅನುಮತಿಯ ಪ್ರಶ್ನೆ ಏಳುತ್ತದೆ. ಕರೆಂಟಿನಲ್ಲಿ ನಡೆಯುವ ಸಂಗೀತ ಸಾಧನಗಳಲ್ಲಿ ಕೆಲವಕ್ಕೆ ಭಾರತೀಯ ಮಾನಕ ಸಂಸ್ಥೆಯ ನೋಂದಣಿ ಕೇಳುತ್ತಾರೆ. ಊದುವ ಹಿತ್ತಾಳೆಗೆ ಈ ಉಪದ್ರವಗಳಿಲ್ಲ.

ಮರದ ಕ್ಲಾರಿನೆಟ್ ತರಿಸುವವರು ಮಾತ್ರ ಮರದ ಜಾತಿ ಕೇಳಿಕೊಳ್ಳಬೇಕು. ಆಫ್ರಿಕದ ಕರಿಮರ ಬೀಟೆಯ ಬಳಗಕ್ಕೆ ಸೇರಿದ್ದು. ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ಒಪ್ಪಂದ 2017ರಲ್ಲಿ ಅದನ್ನೂ ಕಾಗದಪತ್ರದ ಬಲೆಗೆ ತಂದಿತ್ತು. ಪೂರ್ತಿ ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ಸಿಕ್ಕಿತು. ಆನೆದಂತದ ಕೆಲಸವಿರುವ ಹಳೆ ವಾದ್ಯದ ತಂಟೆಗೆ ಮಾತ್ರ ಹೋಗಲೇಬಾರದು.

ಯಾವಾಗ ತರಿಸಬೇಕು?

ವಾದ್ಯದವರ ವರ್ಷ ಪಂಚಾಂಗದಂತೆ ನಡೆಯುವುದಲ್ಲ, ಸೀಸನ್ನಿನಂತೆ ನಡೆಯುವುದು. ದೀಪಾವಳಿ ಕಳೆದ ಮೇಲೆ ಜಾತ್ರೆ, ನೇಮ, ಮದುವೆಗಳ ಸಾಲು. ಬೇಸ್ಯ ತಿಂಗಳ ಹತ್ತಕ್ಕೆ, ಎಂದರೆ ಮೇ ಕೊನೆಯ ವಾರದ ಹೊತ್ತಿಗೆ, ಪತ್ತನಾಜೆ. ಅಲ್ಲಿಗೆ ಗೆಜ್ಜೆ ಬಿಚ್ಚಿದಂತೆ. ಆರೇಳು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳ ಅನ್ನ. ಜನವರಿಯಲ್ಲಿ ವಾದ್ಯ ಕೈಕೊಟ್ಟಿತೆಂದು ಗಾಬರಿಯಲ್ಲಿ ಆರ್ಡರ್ ಮಾಡಿ, ಅದು ಕಸ್ಟಮ್ಸಿನಲ್ಲಿ ಕೂತು, ಪತ್ತನಾಜೆ ಕಳೆದು ಮನೆಗೆ ಬಂದರೆ, ಸಾಲದ ಬಡ್ಡಿಯನ್ನು ಊದಿ ತೀರಿಸಲಾಗುವುದಿಲ್ಲ.

ಆದ್ದರಿಂದ ಅನುಭವಸ್ಥರ ಲೆಕ್ಕ ಹೀಗೆ: ವಿಚಾರಣೆ ಆಟಿಯಲ್ಲಿ, ಆರ್ಡರ್ ಸೋಣದೊಳಗೆ, ಸಾಮಾನು ಬರುವುದು ನವರಾತ್ರಿಗೆ. ಬಂದ ವಾದ್ಯಕ್ಕೆ ಪ್ಯಾಡು ಹೊಂದಿಸಿ, ಕೈಗೆ ಒಗ್ಗಿಸಿಕೊಂಡು ದೀಪಾವಳಿಗೆ ಹೊರಗೆ ತೆಗೆಯಲು ಆಗ ಸಮಯ ಸಿಗುತ್ತದೆ. ರೀಡು, ಪ್ಯಾಡು, ಮೌತ್‌ಪೀಸಿನಂಥ ಹೊಸ, ಸಣ್ಣ, ಹಗುರ ಸಾಮಾನಿಗೆ ಫಾರ್ವರ್ಡರನ ದಾರಿ ಹೇಳಿ ಮಾಡಿಸಿದ್ದು. ಜಾಗದ ತೂಕವೂ ಕಮ್ಮಿ, ಹಳೆಯದೆಂಬ ತಕರಾರೂ ಇಲ್ಲ. ವಾದ್ಯಕ್ಕಾದರೆ ಹೊಸದು, ಬಿಲ್ಲು ಸರಿಯಾದದ್ದು, ವಿಮೆ ಮಾಡಿಸಿದ್ದು, ಬ್ರೋಕರನ್ನು ಮೊದಲೇ ಕೇಳಿದ್ದು ಆಗಿರಬೇಕು.

ಒಬ್ಬೊಬ್ಬರೇ ಒದ್ದಾಡುವ ಬದಲು ಊರಿನ ಸಂಗೀತದ ಅಂಗಡಿಯೊಂದು ಆಮದು ಸಂಖ್ಯೆ ಪಡೆದು, ವಾದ್ಯದವರ ಸಂಘಗಳು ವರ್ಷಕ್ಕೊಮ್ಮೆ ಬೇಡಿಕೆಯ ಪಟ್ಟಿ ಕೊಟ್ಟರೆ, ಹತ್ತು ಮನೆಯ ರೀಡು ಒಂದೇ ಪೆಟ್ಟಿಗೆಯಲ್ಲಿ ಬಂದೀತು. ಬಾಡಿಗೆ ಹಂಚಿಹೋಗುತ್ತದೆ, ಕಾಗದ ಒಬ್ಬರದೇ ತಲೆನೋವಾಗುತ್ತದೆ. ಪಣಂಬೂರಿನಲ್ಲಿ ದೊಡ್ಡ ಬಂದರು, ಬಜಪೆಯಲ್ಲಿ ವಿಮಾನ ನಿಲ್ದಾಣ ಇರುವ ಜಿಲ್ಲೆಗೆ ಇದು ಹೊರಲಾಗದ ಭಾರವೇ? ಮುಂದಿನ ಆಟಿಯಲ್ಲಿ ಮಳೆ ನೋಡುತ್ತಾ ಕೂರುವ ಹೊತ್ತಿಗೆ ವಾದ್ಯದವರು ಒಂದು ದಿನ ಸೇರಿ ಕೂತು ಮಾತಾಡಿಕೊಳ್ಳಲಿ.